ಆ ಅಂಗೈ ಟಿವಿಯಲ್ಲಿ ಈಗ ಏನು ಬರುತ್ತದೆ?

ನನ್ನ ಮೇಜಿನ ಮೇಲೆ ಕನ್ನಡಕದ ಡಬ್ಬಿಗಿಂತ ತುಸು ದೊಡ್ಡದಾದ ಕಪ್ಪು ಪೆಟ್ಟಿಗೆಯೊಂದಿದೆ. ಮೊದಲ ಸಲ ಬಂದವರು ಅದನ್ನು ರೇಡಿಯೊ ಎಂದುಕೊಳ್ಳುತ್ತಾರೆ. ಎತ್ತಿಕೊಂಡು ತಿರುಗಿಸಿ, ಎರಡು ಇಂಚಿನ ಗಾಜು ಕಂಡಾಗ ಮುಖ ಅರಳುತ್ತದೆ. ಹಿಂದೆಯೇ ಪ್ರಶ್ನೆ ಬರುತ್ತದೆ: "ಇದರಲ್ಲಿ ಈಗ ಏನು ಬರುತ್ತದೆ?" ಏನೂ ಬರುವುದಿಲ್ಲ ಎಂದರೆ ಎರಡನೆಯ ಪ್ರಶ್ನೆ: "ಮತ್ತೆ ಯಾಕೆ ಇಟ್ಟುಕೊಂಡಿದ್ದೀರಿ? ಮೊಬೈಲಿನಲ್ಲಿ ಎಲ್ಲವೂ ಬರುತ್ತದಲ್ಲ!"

ಇಷ್ಟು ವರ್ಷ ಇದಕ್ಕೆ ಬಾಯಿಗೆ ಬಂದ ಉತ್ತರ ಕೊಟ್ಟು ತಪ್ಪಿಸಿಕೊಂಡಿದ್ದೇನೆ. ಸೋದರಮಾವ ಕೊಟ್ಟದ್ದು, ಹಳೆಯ ಪ್ರೀತಿ, ಹೀಗೆ ಏನೇನೋ. ಎಲ್ಲವೂ ನಿಜವೇ, ಆದರೆ ಯಾವುದೂ ಉತ್ತರವಲ್ಲ. ಮಾವ ಒಂದು ಗಡಿಯಾರವನ್ನೂ ಕೊಟ್ಟಿದ್ದರು. ಅದು ಎಲ್ಲಿದೆಯೋ ಗೊತ್ತಿಲ್ಲ.

ಮೊದಲು ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಈ ಟಿವಿಗಳಲ್ಲಿ ಚಿತ್ರ ಚೆನ್ನಾಗಿ ಬರುತ್ತಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎರಡು ಇಂಚು ಎನ್ನುವುದು ಮೂಲೆಯಿಂದ ಮೂಲೆಗೆ ಅಳೆದ ಲೆಕ್ಕ. ಅಗಲ ನಾಲ್ಕು ಸೆಂಟಿಮೀಟರ್, ಎತ್ತರ ಮೂರು. ದೊಡ್ಡ ಅಂಚೆಚೀಟಿ ಎನ್ನಿ. ಫುಟ್‌ಬಾಲ್ ಪಂದ್ಯದಲ್ಲಿ ಚೆಂಡು ಕಾಣುತ್ತಿರಲಿಲ್ಲ. ಆಟಗಾರರು ಯಾವ ಕಡೆ ಓಡುತ್ತಿದ್ದಾರೆ ಎಂಬುದರಿಂದ ಚೆಂಡು ಎಲ್ಲಿರಬಹುದೆಂದು ಊಹಿಸಬೇಕಿತ್ತು. ಚಿತ್ರದ ಕೆಳಗೆ ಹಾದುಹೋಗುವ ಅಕ್ಷರಗಳು ಇರುವೆಸಾಲು. ವಾರ್ತೆ ಓದುವವರ ಮುಖ ಮಾತ್ರ ಹದವಾಗಿ ಕಾಣುತ್ತಿತ್ತು, ಅದೂ ಅವರು ಅಲುಗಾಡದಿದ್ದರೆ.

ಆದರೂ ಆ ಪೆಟ್ಟಿಗೆಯನ್ನು ಬಿಚ್ಚಿ ನೋಡಿದವನಿಗೆ ಅದರ ಮೇಲೆ ಗೌರವ ಹುಟ್ಟದೆ ಇರುವುದಿಲ್ಲ. ಸಾಮಾನ್ಯ ಪಿಕ್ಚರ್ ಟ್ಯೂಬಿನಲ್ಲಿ ಚಿತ್ರ ಬರೆಯುವ ಕಿರಣವನ್ನು ಚಿಮ್ಮಿಸುವ ಎಲೆಕ್ಟ್ರಾನ್ ಗನ್ ಪರದೆಯ ಹಿಂದೆ, ದೂರದಲ್ಲಿ ಇರುತ್ತದೆ. ಹಳೆಯ ಟಿವಿಗಳಿಗೆಲ್ಲ ಬೆನ್ನಿನಲ್ಲಿ ಗೂನು ಇದ್ದದ್ದು ಅದಕ್ಕೇ. 1977ರಲ್ಲಿ ಬ್ರಿಟನ್ನಿನ ಸಿಂಕ್ಲೇರ್ ಕಂಪನಿ ಮೈಕ್ರೊವಿಷನ್ ಎಂಬ ಎರಡು ಇಂಚಿನ ಟಿವಿಯನ್ನು ಮಾರುಕಟ್ಟೆಗೆ ತಂದಾಗಲೂ ಈ ಗೂನು ಹೋಗಿರಲಿಲ್ಲ. ಪರದೆ ಪುಟ್ಟದು, ಪೆಟ್ಟಿಗೆ ಮಾತ್ರ ಹಿಂದಕ್ಕೆ ಚಾಚಿಕೊಂಡ ಇಟ್ಟಿಗೆ.

1982ರಲ್ಲಿ ಬಂದ ಸೋನಿ ವಾಚ್‌ಮನ್ ಎಂಬ ಪುಟ್ಟ ಟಿವಿ ಆ ಗನ್ನನ್ನು ಹಿಂದಿನಿಂದ ತೆಗೆದು ಪರದೆಯ ಕೆಳಗೆ ಮಲಗಿಸಿತು. ಎಲೆಕ್ಟ್ರಾನ್ ಕಿರಣ ಕೆಳಗಿನಿಂದ ಓರೆಯಾಗಿ ಮೇಲೇರಿ, ಇಳಿಜಾರಾಗಿ ನಿಲ್ಲಿಸಿದ ಹೊಳೆಯುವ ಲೇಪಕ್ಕೆ ಬಡಿಯುತ್ತದೆ. ದೊಡ್ಡ ಟಿವಿಯಲ್ಲಿ ನಾವು ಲೇಪದ ಬೆನ್ನನ್ನು ನೋಡುತ್ತೇವೆ. ಇಲ್ಲಿ ಕಿರಣ ಬಡಿಯುವ ಮುಖವನ್ನೇ ನೋಡುತ್ತೇವೆ. ಮರುವರ್ಷ ಸಿಂಕ್ಲೇರ್ ತನ್ನದೇ ಚಪ್ಪಟೆ ಟ್ಯೂಬಿನ ಟಿವಿಯನ್ನು 79.95 ಪೌಂಡಿಗೆ ಮಾರಲು ಹೊರಟಿತು. ಅದರಲ್ಲಿ ಗನ್ ಇದ್ದದ್ದು ಪರದೆಯ ಪಕ್ಕದಲ್ಲಿ. ಪಕ್ಕದಿಂದ ಓರೆಯಾಗಿ ಬರುವ ಕಿರಣಕ್ಕೆ ಪರದೆಯ ಒಂದು ತುದಿ ಹತ್ತಿರ, ಇನ್ನೊಂದು ತುದಿ ದೂರ. ಹಾಗೇ ಬಿಟ್ಟರೆ ಚಿತ್ರ ಸೊಟ್ಟಗಾಗುತ್ತದೆ. ಅದನ್ನು ನೆಟ್ಟಗೆ ಮಾಡುವ ಲೆಕ್ಕಾಚಾರವೆಲ್ಲ ಸರ್ಕಿಟ್ಟಿನ ತಲೆಗೆ. ಸಿಂಕ್ಲೇರ್ ಇದಕ್ಕೆ 40 ಲಕ್ಷ ಪೌಂಡ್ ಸುರಿದು ಸುಮಾರು 15,000 ಟಿವಿಗಳನ್ನು ಮಾತ್ರ ಮಾರಿತು. ಜಾಣತನಕ್ಕೂ ವ್ಯಾಪಾರಕ್ಕೂ ಜಾತಕ ಕೂಡಿಬರಲಿಲ್ಲ.

ಅಷ್ಟರಲ್ಲೇ ಟ್ಯೂಬೇ ಬೇಡದ ಚಪ್ಪಟೆ ಪರದೆ, ಎಲ್‌ಸಿಡಿ, ಬಾಗಿಲು ತಟ್ಟಿತ್ತು. 1982ರಲ್ಲೇ ಸೈಕೊ ಕಂಪನಿ ಕೈಗಡಿಯಾರದಲ್ಲಿ ಟಿವಿ ತೋರಿಸಿತು. ಆದರೆ ರಿಸೀವರ್ ಜೇಬಿನಲ್ಲಿ, ಅಲ್ಲಿಂದ ಮಣಿಕಟ್ಟಿಗೆ ತಂತಿ. 1984ರಲ್ಲಿ ಎಪ್ಸನ್ ಬಣ್ಣದ ಎಲ್‌ಸಿಡಿ ಜೇಬು ಟಿವಿಯನ್ನು ತಂದಿತು. ಮುಂದೆ ಗೆದ್ದದ್ದು ಎಲ್‌ಸಿಡಿಯೇ, ಎಷ್ಟೋ ಮೊಬೈಲುಗಳು ಆ ವಂಶದವೇ. ನನಗೇಕೋ ಅವುಗಳ ಮೇಲೆ ಮನಸ್ಸು ನಿಲ್ಲಲಿಲ್ಲ. ಆರಂಭದ ಎಲ್‌ಸಿಡಿಗಳಲ್ಲಿ ಓಡುವವನ ಹಿಂದೆ ಅವನದೇ ಮಸುಕು ಮೂರ್ತಿ ಎಳೆದುಕೊಂಡು ಬರುತ್ತಿತ್ತು, ಸ್ವಲ್ಪ ಓರೆಯಾಗಿ ನೋಡಿದರೆ ಬೆಳಕು ಕತ್ತಲಾಗಿ ಕತ್ತಲು ಬೆಳಕಾಗುತ್ತಿತ್ತು.

ಈಗ ಆಂಟೆನಾಕ್ಕೆ ಬರುತ್ತೇನೆ. ನನ್ನ ಉತ್ತರ ಇರುವುದು ಅಲ್ಲಿ.

200 ಮೆಗಾಹರ್ಟ್ಸ್ ಆಸುಪಾಸಿನ ಚಾನೆಲ್ಲಿನ ಅಲೆಯುದ್ದ, ಅಂದರೆ ಒಂದು ಅಲೆಯಿಂದ ಮುಂದಿನ ಅಲೆಗಿರುವ ದೂರ, ಒಂದೂವರೆ ಮೀಟರ್. ಅದರ ಕಾಲು ಭಾಗ, ಅಂದರೆ ಸುಮಾರು 37 ಸೆಂಟಿಮೀಟರ್ ಉದ್ದದ ಕಡ್ಡಿ ಇದ್ದರೆ ಆಂಟೆನಾ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. 60 ಮೆಗಾಹರ್ಟ್ಸ್ ಸುತ್ತಲಿನ ಚಾನೆಲ್ಲಿಗಾದರೆ ಒಂದೂಕಾಲು ಮೀಟರ್ ಬೇಕು. ಜೇಬಿನ ಟಿವಿಯಲ್ಲಿ ಅಷ್ಟುದ್ದದ ಕಡ್ಡಿಯನ್ನು ಯಾರು ಇಡುತ್ತಾರೆ? ಆ ಕೊರತೆಯನ್ನು ತುಂಬುತ್ತಿದ್ದದ್ದು ನಮ್ಮ ಮೈ. ಪೆಟ್ಟಿಗೆಯನ್ನು ಹಿಡಿದ ಕೈ, ಆ ಕೈ ಸೇರಿದ ದೇಹ, ಎಲ್ಲವೂ ಆಂಟೆನಾದ ಭಾಗವಾಗುತ್ತಿದ್ದವು. ಮೇಜಿನ ಮೇಲಿಟ್ಟರೆ ಚುಕ್ಕೆಗಳ ಬಿರುಗಾಳಿ, ಕೈಗೆತ್ತಿಕೊಂಡರೆ ಮನುಷ್ಯನ ಮುಖ. ಟಿವಿ ನೋಡಲು ಟಿವಿಯನ್ನು ಹಿಡಿದುಕೊಂಡೇ ಇರಬೇಕಾಗಿತ್ತು. ಚಿತ್ರ ಸಿಕ್ಕ ಭಂಗಿ ಎಷ್ಟೇ ವಿಚಿತ್ರವಾಗಿರಲಿ, ಮೊಣಕೈ ಮೇಲೆತ್ತಿ ಒಂದು ಕಾಲಿನ ಮೇಲೆ ನಿಂತಿರಲಿ, ಅಲ್ಲಾಡುವಂತಿರಲಿಲ್ಲ. ಮನೆಯವರು ನಕ್ಕರೆ ನಗಲಿ.

ಹೀಗೆ ಮನೆಯೊಳಗೆ ಅಲೆದಾಡಿ ನಾನು ಒಂದು ನಕ್ಷೆಯನ್ನೇ ಕಲಿತಿದ್ದೆ. ಕಿಟಕಿಯಿಂದ ಎರಡು ಹೆಜ್ಜೆ ಒಳಗೆ ಒಂದು ಚಾನೆಲ್ ಚೆನ್ನಾಗಿ ಸಿಗುತ್ತಿತ್ತು. ಅಲ್ಲೇ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದರೆ ಅದು ಮಾಯವಾಗಿ ಇನ್ನೊಂದರ ಧ್ವನಿ ಮಾತ್ರ ಬರುತ್ತಿತ್ತು. ಹೆಚ್ಚಿನ ಹೊತ್ತು ಮೊದಲು ಸಿಗುತ್ತಿದ್ದದ್ದು ಧ್ವನಿಯೇ. ಚಿತ್ರ ಇನ್ನೂ ಚುಕ್ಕೆಗಳಲ್ಲಿ ಮುಳುಗಿದ್ದಾಗಲೇ ಎಫ್‌ಎಂ ವಿಧಾನದಲ್ಲಿ ಬರುತ್ತಿದ್ದ ಧ್ವನಿ ಸ್ಪಷ್ಟವಾಗಿ ಕೇಳುತ್ತಿತ್ತು. ಆ ದನಿಯ ಬೆನ್ನು ಹಿಡಿದು ಮುಖವನ್ನು ಹುಡುಕಬೇಕು. (ಆ ಚುಕ್ಕೆಗಳಲ್ಲಿ ವಿಶ್ವದ ಹುಟ್ಟಿನಿಂದ ಉಳಿದುಬಂದ ಅಲೆಗಳ ಪಳೆಯುಳಿಕೆ ಕಾಣುತ್ತದೆ ಎಂದು ಭಾವುಕರಾಗುವವರು ಇದ್ದಾರೆ. ಒಂದು ಪುಟ್ಟ ಪಾಲು ಹೌದು. ಮಿಕ್ಕದ್ದರಲ್ಲಿ ಬಹುಪಾಲು ಟಿವಿಯ ಸ್ವಂತ ಗೊಣಗಾಟ.)

ಇನ್ನು ನೆರಳು ಚಿತ್ರ. ಪ್ರಸಾರ ಗೋಪುರದಿಂದ ನೇರ ಬಂದ ಅಲೆಯ ಜೊತೆಗೆ, ಯಾವುದೋ ಗುಡ್ಡಕ್ಕೋ ಕಟ್ಟಡಕ್ಕೋ ಬಡಿದು ಸುತ್ತುಬಳಸಿ ಬಂದ ಅಲೆಯೂ ಸೇರಿಕೊಂಡರೆ ಒಂದೇ ಮುಖ ಎರಡಾಗುತ್ತದೆ. ಟಿವಿಯ ಚಿತ್ರ ಮೂಡುವುದು ಗೆರೆಗೆರೆಯಾಗಿ. ಒಂದು ಗೆರೆ ಪರದೆಯ ಎಡದಿಂದ ಬಲಕ್ಕೆ ಓಡಲು ಸುಮಾರು 52 ಮೈಕ್ರೊಸೆಕೆಂಡು ಬೇಕು. ಒಂದು ಮೈಕ್ರೊಸೆಕೆಂಡಿನಲ್ಲಿ ರೇಡಿಯೊ ಅಲೆ 300 ಮೀಟರ್ ಸಾಗುತ್ತದೆ. ಅಂದರೆ ನೇರ ಅಲೆಗಿಂತ 300 ಮೀಟರ್ ಹೆಚ್ಚು ಸುತ್ತು ಹೊಡೆದು ಬಂದ ಅಲೆ, ನನ್ನ ನಾಲ್ಕು ಸೆಂಟಿಮೀಟರ್ ಪರದೆಯ ಮೇಲೆ ಮುಕ್ಕಾಲು ಮಿಲಿಮೀಟರ್ ಬಲಕ್ಕೆ ಸರಿದು ನಿಲ್ಲುತ್ತದೆ. ಇಪ್ಪತ್ತು ಇಂಚಿನ ಟಿವಿಯಲ್ಲಾದರೆ ಅದೇ ನೆರಳು ಸುಮಾರು ಎಂಟು ಮಿಲಿಮೀಟರ್ ದೂರ ನಿಂತು ಅಣಕಿಸುತ್ತದೆ. ಎರಡು ಇಂಚಿನ ಪರದೆಗೆ ಇದ್ದ ಒಂದೇ ದೊಡ್ಡಸ್ತಿಕೆ ಇದು. ಈ ಲೆಕ್ಕ ಗೊತ್ತಾದ ಮೇಲೆ ಕುಳಿತಲ್ಲೇ ಪರದೆಯ ಮೇಲೆ ಸ್ಕೇಲು ಇಟ್ಟು, ಹೊರಗಿನ ಯಾವ ಕಟ್ಟಡ ನನ್ನ ನಾಯಕಿಗೆ ಎರಡನೆಯ ಮೂಗು ಕೊಡುತ್ತಿದೆ ಎಂದು ಅಂದಾಜು ಮಾಡುತ್ತಿದ್ದೆ.

ಬ್ಯಾಟರಿ ಸೆಲ್ಲುಗಳ ವಿಷಯ ಹೆಚ್ಚು ಹೇಳುವಂತಿಲ್ಲ. ಅವು ಕರಗುತ್ತಿದ್ದ ವೇಗ ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಜಾಹೀರಾತು ಬಂದ ಕೂಡಲೇ ಆರಿಸುವುದು ನನ್ನ ಉಳಿತಾಯ ಯೋಜನೆಯಾಗಿತ್ತು. ಮತ್ತೆ ಹಾಕಿದಾಗ ಟ್ಯೂಬು ಬಿಸಿಯಾಗಲು ಕೆಲವು ಕ್ಷಣ ಬೇಕು. ಎಷ್ಟೋ ಗೋಲುಗಳು ಆ ಕೆಲವು ಕ್ಷಣಗಳಲ್ಲೇ ಆಗಿಹೋದವು.

ಸರಿ, ಮೊಬೈಲು. ಅದರಲ್ಲಿ ಚಿತ್ರ ಸ್ಫಟಿಕದಂತಿದೆ, ದೂರಲು ಏನೂ ಇಲ್ಲ. ಆದರೆ ಅದು ನಾನು ಕೇಳಿದ ಮೇಲೆ ನನಗೆಂದೇ ಕಳುಹಿಸಿದ ಚಿತ್ರ. ಎಲ್ಲಿ ನಿಲ್ಲಿಸಿದೆ, ಯಾವುದನ್ನು ಎರಡು ಸಲ ನೋಡಿದೆ ಎಂಬುದೆಲ್ಲ ಕಳುಹಿಸಿದವರ ಲೆಕ್ಕದಲ್ಲಿರುತ್ತದೆ. ಅಂಗೈ ಟಿವಿ ಹಾಗಲ್ಲ. ಗೋಪುರ ತನ್ನ ಪಾಡಿಗೆ ಬಿತ್ತುತ್ತಿತ್ತು. ಕಂಬಳಿಯೊಳಗೆ ಒಬ್ಬ ಹುಡುಗ ಕಡ್ಡಿ ಎಳೆದುಕೊಂಡು ಆಯ್ದುಕೊಳ್ಳುತ್ತಿದ್ದಾನೆ ಎಂಬುದು ಅದಕ್ಕೆ ಗೊತ್ತೇ ಇರಲಿಲ್ಲ. ಚಿತ್ರ ಮೊದಲೇ ಗಾಳಿಯಲ್ಲಿ, ನನ್ನ ಹಾಸಿಗೆಯ ಮೇಲೂ, ಗೋಡೆಯೊಳಗೂ ಇತ್ತು. ನಾನು ಹಿಡಿದರೆ ಸಿಗುತ್ತಿತ್ತು, ಇಲ್ಲದಿದ್ದರೆ ಇಲ್ಲ. ಆ ಹಿಡಿಯುವ ಕೆಲಸವೇ ನನಗೆ ಬೇಕಾದದ್ದು.

ಅದನ್ನು ಕಸಿದುಕೊಂಡದ್ದು ಮೊಬೈಲು ಒಂದೇ ಅಲ್ಲ. ಡಿಜಿಟಲ್ ಪ್ರಸಾರಕ್ಕೆ ಜಾಗ ಬಿಡಲು ಒಂದೊಂದೇ ದೇಶ ಅನಲಾಗ್ ಎಂಬ ಹಳೆಯ ಬಗೆಯ ಪ್ರಸಾರವನ್ನು ನಿಲ್ಲಿಸಿತು: ನೆದರ್ಲೆಂಡ್ಸ್ 2006ರಲ್ಲಿ, ಅಮೆರಿಕದ ಪ್ರಬಲ ಕೇಂದ್ರಗಳು 2009ರ ಜೂನ್ 12ರಂದು, ಜಪಾನಿನ ಬಹುಭಾಗ 2011ರ ಜುಲೈ 24ರಂದು, ಬ್ರಿಟನ್ ಹಂತಹಂತವಾಗಿ, ಕೊನೆಯದಾಗಿ 2012ರ ಅಕ್ಟೋಬರಿನಲ್ಲಿ. ಪ್ರಸಾರ ನಿಂತಲ್ಲೆಲ್ಲ ಪುಟ್ಟ ಟಿವಿಗಳು, ಏನೂ ಕೆಡದೆ, ಕುರುಡಾದವು. ಡಿಜಿಟಲ್ ಟಿವಿಯನ್ನೂ ಜೇಬಿಗಿಳಿಸಿದವರಿದ್ದಾರೆ. ಜಪಾನಿನ ಒನ್‌ಸೆಗ್ ಪ್ರಸಾರ 2006ರಿಂದ ಮೊಬೈಲ್ ಫೋನುಗಳಲ್ಲೇ ಸಿಗುತ್ತಿತ್ತು. ಆದರೆ ಡಿಜಿಟಲ್‌ಗೆ ನಡುದಾರಿ ತಿಳಿಯದು. ಬಂದರೆ ಪೂರ್ತಿ ಬರುತ್ತದೆ, ತಪ್ಪಿದರೆ ಚೌಕಚೌಕವಾಗಿ ಒಡೆದು ನಿಂತುಬಿಡುತ್ತದೆ. ಅರ್ಧ ಸಿಕ್ಕ ಮುಖ ಅದರಲ್ಲಿಲ್ಲ. ಅರ್ಧ ಸಿಗದಿದ್ದರೆ ಆಂಟೆನಾವನ್ನು ಯಾವ ಕಡೆ ತಿರುಗಿಸಬೇಕೆಂದು ತಿಳಿಯುವುದಾದರೂ ಹೇಗೆ?

ನಿಮ್ಮ ಅಟ್ಟದಲ್ಲೂ ಇಂಥದ್ದೊಂದು ಇದ್ದರೆ, ಮೊದಲು ಸೆಲ್ಲುಗಳನ್ನು ಹೊರತೆಗೆಯಿರಿ. ನಾನು ನಾಲ್ಕೈದು ವರ್ಷ ಮರೆತಿದ್ದರಿಂದ ಅವು ಸೋರಿ ಸ್ಪ್ರಿಂಗುಗಳನ್ನು ತಿಂದುಹಾಕಿದ್ದವು. ಟ್ಯೂಬಿನ ಟಿವಿಯಾದರೆ ಒಳಗೆ ಸಾವಿರಾರು ವೋಲ್ಟ್ ಇರುತ್ತದೆ, ಆರಿಸಿದ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು, ಗೊತ್ತಿಲ್ಲದೆ ಕೈಹಾಕಬೇಡಿ. ಕೆಲವು ಮಾದರಿಗಳಲ್ಲಿ ಹೊರಗಿನ ವಿಡಿಯೊ ಜೋಡಿಸುವ ಸಣ್ಣ ತೂತು ಇರುತ್ತದೆ. ಇಲ್ಲದಿದ್ದರೆ ಆರ್‌ಎಫ್ ಮಾಡ್ಯುಲೇಟರ್ ಎಂಬ ಡಬ್ಬಿ, ಸೆಟ್‌ಟಾಪ್ ಬಾಕ್ಸಿನ ಚಿತ್ರವನ್ನು ಹಳೆಯ ಟಿವಿಗೆ ಅರ್ಥವಾಗುವ ಚಾನೆಲ್ಲಾಗಿ ಮಾರ್ಪಡಿಸಿ ಕೊಡುತ್ತದೆ.

ನಾನೂ ಅದನ್ನು ತಂದೆ. ತಂತಿಯನ್ನು ಆಂಟೆನಾದ ಬುಡಕ್ಕೇ ಬಿಗಿದು ಕಟ್ಟಿದೆ, ಚಿತ್ರ ಹುಟ್ಟಿದಂದಿನಿಂದ ಕಾಣದಷ್ಟು ಚೆನ್ನಾಗಿ ಬಂತು. ಹತ್ತು ನಿಮಿಷದಲ್ಲಿ ಬೇಸರವಾಗಿ ಆರಿಸಿದೆ. ಇನ್ನೊಂದು ದಿನ ತಂತಿಯ ಗಂಟು ಬಿಚ್ಚಿ, ಅದರ ತುದಿಯನ್ನು ಆಂಟೆನಾದಿಂದ ಒಂದು ಗೇಣು ದೂರದಲ್ಲಿ ಸುಮ್ಮನೆ ಬಿಟ್ಟೆ. ಚುಕ್ಕೆಗಳು ಬಂದವು. ಕಡ್ಡಿಯನ್ನು ಎಡಕ್ಕೆ ಬಾಗಿಸಿದೆ, ಪೆಟ್ಟಿಗೆಯನ್ನು ಎದೆಯ ಹತ್ತಿರ ಹಿಡಿದೆ, ಮೊಣಕೈ ಎತ್ತಿದೆ. ಒಂದು ಮುಖ ಬಂದು ನಿಂತಿತು. ಸೆಲ್ಲು ಮುಗಿಯುವವರೆಗೂ ನೋಡಿದೆ. ಯಾವ ಕಾರ್ಯಕ್ರಮ ಎಂದು ಮಾತ್ರ ಕೇಳಬೇಡಿ.