ಭದ್ರಾ ಹಿನ್ನೀರಿನ ರೀವಗಳು: ದೋಣಿ ಎಲ್ಲಿ ನಿಲ್ಲಬೇಕು?

ಬೇಸಿಗೆಯಲ್ಲಿ ಭದ್ರಾ ಜಲಾಶಯದ ನೀರು ಇಳಿಯುತ್ತಿದ್ದಂತೆ ಲಕ್ಕವಳ್ಳಿ ಕಡೆಯ ಹಿನ್ನೀರಿನಲ್ಲಿ ಮುಳುಗಿದ್ದ ಗುಡ್ಡಗಳ ನೆತ್ತಿಗಳು ನಡುಗಡ್ಡೆಗಳಾಗಿ ತಲೆಯೆತ್ತುತ್ತವೆ. ನದಿ ರೀವಗಳು (ರಿವರ್ ಟರ್ನ್ ಎಂಬ ಮೀನು ಹಿಡಿಯುವ ಹಕ್ಕಿಗಳು) ಮೊಟ್ಟೆಯಿಡುವುದು ಅಲ್ಲೇ. ಗೂಡೆಂದರೆ ಬರೀ ನೆಲದಲ್ಲೊಂದು ಸಣ್ಣ ತಗ್ಗು, ಅಷ್ಟೆ. ಇಲ್ಲಿ ಫೋಟೊ ತೆಗೆಯುವವರನ್ನು ಕರೆದೊಯ್ಯುವ ಕೆಲಸಕ್ಕೆ ಹೊಸದಾಗಿ ಸೇರಿದವರು ಕ್ಯಾಮೆರಾಗಿಂತ ಮೊದಲು ಕಲಿಯಬೇಕಾದದ್ದು ದೋಣಿ ನಿಲ್ಲಿಸುವುದನ್ನು.

ಹಕ್ಕಿ ಗಾಳಿಗೆ ಎದುರಾಗಿ ಇಳಿಯುತ್ತದೆ. ಹಾಗಾಗಿ ಬಿಸಿಲೂ ಗಾಳಿಯೂ ನಮ್ಮ ಬೆನ್ನಿಗಿದ್ದರೆ ಮೀನು ಕಚ್ಚಿದ ರೀವ ನೇರ ಲೆನ್ಸಿನತ್ತಲೇ ಮುಖ ಮಾಡಿ ಬರುತ್ತದೆ. ಕೇಳಲು ಚೆಂದ. ಆದರೆ ಬೆನ್ನಿಗಿರುವ ಗಾಳಿ ದೋಣಿಯನ್ನೂ ನಡುಗಡ್ಡೆಯತ್ತಲೇ ತಳ್ಳುತ್ತದೆ. ಎಂಜಿನ್ ಆಫ್ ಮಾಡಿದ ಸ್ವಲ್ಪ ಹೊತ್ತಿಗೆ ದಡ ಹತ್ತಿರವಾಗಿ, ಮತ್ತೆ ಸ್ಟಾರ್ಟ್ ಮಾಡಿದ ಸದ್ದಿಗೆ ಇಡೀ ಗುಂಪು ಎದ್ದುಬಿಡುತ್ತದೆ. ಅದಕ್ಕೇ ಗಾಳಿ ಪಕ್ಕದಿಂದ ಬೀಸುವ ಜಾಗ ನೋಡಿ, ಓರೆಯಾಗಿ ನಿಧಾನಕ್ಕೆ ಬಂದು, ದೂರದಲ್ಲೇ ಎಂಜಿನ್ ನಿಲ್ಲಿಸಿ. ದೋಣಿ ನಡುಗಡ್ಡೆಯ ಪಕ್ಕಕ್ಕೆ ತೇಲಿಕೊಂಡು ಹಾದುಹೋಗಲಿ. ಮುಖದ ಬದಲು ಪಕ್ಕದ ನೋಟ ಸಿಗುತ್ತದೆ. ಹಳದಿ ಕೊಕ್ಕು, ಕಪ್ಪು ಟೋಪಿ, ಕವಲು ಬಾಲ ಮೂರೂ ಕಾಣುವುದು ಆ ನೋಟದಲ್ಲೇ, ನಷ್ಟವೇನಿಲ್ಲ.

ಕಾವಿಗೆ ಕೂತ ಹಕ್ಕಿಗಳು ಕತ್ತು ಉದ್ದ ಮಾಡಿದರೆ ಅಲ್ಲಿಗೇ ಸಾಕು. ಕಿರುಚುತ್ತಾ ದೋಣಿಯ ಮೇಲೆರಗಿದರೆ ಆಗಲೇ ತಡವಾಗಿದೆ, ಹಿಂದೆ ಸರಿಯಿರಿ. ಬಿಸಿಲೇರಿದ ಮೇಲೆ ತಾಯಿಹಕ್ಕಿ ಕೂರುವುದು ಕಾವಿಗಿಂತ ಹೆಚ್ಚಾಗಿ ನೆರಳಿಗೆ. ಎದೆಯ ಪುಕ್ಕ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುವುದೂ ಉಂಟು. ಅದನ್ನು ಎಬ್ಬಿಸಿದರೆ ಕಾದ ನೆಲದ ಮೇಲೆ ಮೊಟ್ಟೆ ಬೇಯುತ್ತದೆ, ಇಲ್ಲವೇ ಕಾಗೆ, ಹದ್ದುಗಳ ಪಾಲಾಗುತ್ತದೆ. ನಡುಗಡ್ಡೆಯ ಮೇಲೆ ಕಾಲಿಡುವ ಮಾತೇ ಬೇಡ. ಮಣ್ಣಿನ ಬಣ್ಣದ ಮೊಟ್ಟೆ ತುಳಿದದ್ದೂ ಗೊತ್ತಾಗುವುದಿಲ್ಲ.

ಎಂಜಿನ್ ಓಡುವಾಗ ಲೆನ್ಸನ್ನು ದೋಣಿಯ ಅಂಚಿಗೆ ಒರಗಿಸಬೇಡಿ, ನಡುಕ ನೇರ ಚಿತ್ರಕ್ಕೆ ಇಳಿಯುತ್ತದೆ. ನಿಂತ ಮೇಲೆ ಎರಡು ಕೆಜಿಯಷ್ಟು ಅಕ್ಕಿ ತುಂಬಿದ ಚೀಲದ ಮೇಲೆ ಇಡಬಹುದು. ದೋಣಿಗೆ ಟ್ರೈಪಾಡ್ ತಂದರೆ ದಂಡ.

ಎಕ್ಸ್‌ಪೋಶರ್, ಅಂದರೆ ಚಿತ್ರಕ್ಕೆ ಬೀಳುವ ಬೆಳಕು, ಮ್ಯಾನುಯಲ್‌ನಲ್ಲಿರಲಿ; ಕ್ಯಾಮೆರಾಗೆ ಬಿಡದೆ ನೀವೇ ಹೊಂದಿಸಿ. ಅದೇ ಹಕ್ಕಿ ಒಮ್ಮೆ ಹೊಳೆಯುವ ನೀರಿನ ಮುಂದೆ, ಮರುಕ್ಷಣ ಕಪ್ಪು ಬಂಡೆಯ ಮುಂದೆ ಹಾಯುತ್ತದೆ. ಕ್ಯಾಮೆರಾದ ಬೆಳಕಿನ ಮೀಟರ್ ನಂಬಿದರೆ ಬಂಡೆಯ ಮುಂದೆ ಬಿಳಿ ಎದೆ ಬೆಳಕು ಹೆಚ್ಚಾಗಿ ಸುಟ್ಟುಹೋಗುತ್ತದೆ. ಏಳೂವರೆಯ ಎಳೆಬಿಸಿಲಿಗೆ ಎಫ್ 6.3, 1/2500 ಸೆಕೆಂಡ್, ಐಎಸ್‌ಒ 800ರಿಂದ ಶುರುಮಾಡಿ. ಬಿಸಿಲು ಬಲಿತಂತೆ ಐಎಸ್‌ಒ 400ಕ್ಕೆ ಇಳಿಸಿ. ಎದೆಯ ಭಾಗ ಪರದೆಯಲ್ಲಿ ಮಿನುಗಿದರೆ ಬೆಳಕು ಹೆಚ್ಚಾಗಿದೆ ಎಂದರ್ಥ, ಐಎಸ್‌ಒ ಇನ್ನೊಂದು ಮೆಟ್ಟಿಲು ಕೆಳಗೆ. ನೀರಿನ ಮಿಂಚಿಗೆ ಫೋಕಸ್ ಜಿಗಿಯುವುದು ಇಲ್ಲಿನ ದೊಡ್ಡ ಕಾಟ. ಫೋಕಸ್ ಲಿಮಿಟರನ್ನು (ಫೋಕಸ್ ಹುಡುಕುವ ದೂರಕ್ಕೆ ಮಿತಿ ಹಾಕುವ ಲೆನ್ಸಿನ ಗುಂಡಿ) ದೂರಕ್ಕೆ ಹಾಕಿ, ಹಕ್ಕಿಯಿನ್ನೂ ಚಿಕ್ಕದಾಗಿ ಕಾಣುವಾಗಲೇ ಹಿಡಿದು ಹಿಂಬಾಲಿಸಿ. ಬರ್ಸ್ಟ್, ಅಂದರೆ ಒಂದೇ ಸಮನೆ ಸಾಲು ಚಿತ್ರ ತೆಗೆಯುವುದು, ಮಾತ್ರ ಅಷ್ಟು ಬೇಗ ಬೇಡ. ದೊಡ್ಡ ಗಾತ್ರದ ರಾ ಫೈಲುಗಳಿಂದ ಕ್ಯಾಮೆರಾದ ತಾತ್ಕಾಲಿಕ ನೆನಪು (ಬಫರ್) ತುಂಬಿ, ಹಕ್ಕಿ ಇಳಿಯುವ ಹೊತ್ತಿಗೆ ಕ್ಯಾಮೆರಾ ಮೂಕವಾಗುತ್ತದೆ.

ಮೀನಿಗೆ ಎರಗುವ ಮುನ್ನ ರೀವ ಕೊಕ್ಕನ್ನು ಕೆಳಗೆ ಮಾಡಿ ಹಾರುತ್ತದೆ, ಒಮ್ಮೊಮ್ಮೆ ಗಾಳಿಯಲ್ಲೇ ರೆಕ್ಕೆ ಬಡಿಯುತ್ತಾ ನಿಲ್ಲುತ್ತದೆ. ಬಟನ್ ಒತ್ತಬೇಕಾದದ್ದು ಆಗ. ಕೊಕ್ಕು ನೇರವಿದ್ದರೆ ಅದು ಸುಮ್ಮನೆ ದಾರಿ ಹಿಡಿದ ಹಕ್ಕಿ, ಬಿಟ್ಟುಬಿಡಿ.

ಒಂಬತ್ತೂವರೆ ದಾಟಿತೆಂದರೆ ಕಾದ ಬಂಡೆಯ ಮೇಲಿನ ಗಾಳಿ ಬಿಸಿಗೆ ಕುಣಿಯತೊಡಗುತ್ತದೆ. ಆಮೇಲೆ ತೆಗೆದದ್ದೆಲ್ಲ ಮಸುಕು. ಎಷ್ಟು ದುಬಾರಿ ಲೆನ್ಸಾದರೂ ಅಷ್ಟೇ, ಕಂಪ್ಯೂಟರಿನಲ್ಲಿ ಚೂಪು ಮಾಡಿದರೂ ಸರಿಹೋಗುವುದಿಲ್ಲ. ಫೋಟೊ ಬರುತ್ತಿಲ್ಲವೆಂದು ಗಿರಾಕಿ ಇನ್ನೂ ಹತ್ತಿರಕ್ಕೆ ಹೋಗೋಣ ಎನ್ನುವುದೂ ಇದೇ ಹೊತ್ತಿನಲ್ಲಿ. ದೋಣಿ ತಿರುಗಿಸಿ.