ಮೇಷ್ಟ್ರ ಪುಸ್ತಕಕ್ಕೆ ಪ್ರಸಾರಾಂಗದ ಒಪ್ಪಿಗೆ ಬಂತು

ವಿಶ್ವವಿದ್ಯಾಲಯದ ಪ್ರಸಾರಾಂಗದಿಂದ, ಅಂದರೆ ಪುಸ್ತಕ ಪ್ರಕಟಿಸುವ ವಿಭಾಗದಿಂದ, ಒಪ್ಪಿಗೆ ಪತ್ರ ಬಂದರೆ ಬರೆದವರು ಮೊದಲು ಮನೆಯವರಿಗೆ ಹೇಳುತ್ತಾರೆ, ಆಮೇಲೆ ನನಗೆ. ದಾವಣಗೆರೆಯಲ್ಲಿ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಊರಿನ ಅರ್ಧ ಥೀಸಿಸ್‌ಗಳು ಇಲ್ಲೇ ಬೈಂಡ್ ಆಗಿ ದಾವಣಗೆರೆ ವಿಶ್ವವಿದ್ಯಾಲಯದ ಕ್ಯಾಂಪಸ್ಸಾದ ಶಿವಗಂಗೋತ್ರಿಗೆ ಹೋಗಿವೆ ಅಂದರೆ ಸ್ವಲ್ಪ ಜಾಸ್ತಿ ಆಯಿತು, ಇರಲಿ.

ಈ ಸಲದ ಸಂತೋಷ ಹರಿಹರದ ನಿವೃತ್ತ ಮೇಷ್ಟ್ರದು. ಅವರು ಬರೆದಿರುವುದು ತಮ್ಮೂರಿನ ಶಾಸನಗಳ ಬಗ್ಗೆ. ಹರಿಹರೇಶ್ವರನ ಗುಡಿಯನ್ನು 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಅನ್ನುವಷ್ಟು ನಮಗೂ ಗೊತ್ತು. ಅಲ್ಲಿನ ಶಾಸನಗಳನ್ನು ಬಿ.ಎಲ್. ರೈಸ್ ನೂರು ವರ್ಷಕ್ಕೂ ಹಿಂದೆಯೇ ಎಪಿಗ್ರಾಫಿಯ ಕರ್ನಾಟಿಕ ಅನ್ನುವ ಶಾಸನ ಸಂಗ್ರಹದ 11ನೇ ಸಂಪುಟದಲ್ಲಿ ಅಚ್ಚು ಹಾಕಿಸಿದ. ಅದು ಚಿತ್ರದುರ್ಗ ಜಿಲ್ಲೆಯ ಸಂಪುಟ. ನಾವು ಬೇರೆ ಜಿಲ್ಲೆ ಆಗಿದ್ದೇ 1997ರಲ್ಲಿ ಅಲ್ವಾ? ಆದರೆ ಆ ದಪ್ಪ ಪುಸ್ತಕ ಹೈಸ್ಕೂಲ್ ಮಕ್ಕಳ ಕೈಗೆ ಬರುವಂಥದ್ದಲ್ಲ. ಅವರು ಓದುವ ಹಾಗೆ ಸಣ್ಣದೊಂದು ಪುಸ್ತಕ ಬೇಕು ಅನ್ನುವುದು ಮೇಷ್ಟ್ರ ಹಟ.

ಪ್ರಸಾರಾಂಗದವರು ಹಸ್ತಪ್ರತಿಯನ್ನು ವಿಷಯ ತಜ್ಞರಿಗೆ ಕಳಿಸಿದ್ದರು. ತಿರುಗಿ ಬಂದಾಗ ಅಂಚಿನ ತುಂಬ ಕೆಂಪು ಶಾಯಿ. ಮೇಷ್ಟ್ರು ಮುಖ ಊದಿಸಿಕೊಂಡರು. ಪೂರ್ತಿ ಓದಿದ ಮೇಲೆ ಅವರೇ ಹೇಳಿದರು, “ಅಲ್ಲಮ್ಮಾ, ಆ ಪುಣ್ಯಾತ್ಮ ಒಂದು ಸಾಲೂ ಬಿಡ್ದಂಗೆ ಓದ್ಯಾನೆ ನೋಡು.” ಲೇಖಕರೇ ದುಡ್ಡು ಕೊಟ್ಟು ಹಾಕಿಸುವ ಪುಸ್ತಕಗಳನ್ನೂ ನಾನು ಟೈಪ್ ಮಾಡುತ್ತೇನೆ. ಅವು ಬರೆದದ್ದು ಬರೆದ ಹಾಗೇ ಅಚ್ಚಿಗೆ ಹೋಗುತ್ತವೆ. ನನಗೆ ಕೆಲಸ ಕಡಿಮೆ, ಓದುಗರಿಗೆ ತಾಪತ್ರಯ ಜಾಸ್ತಿ.

ನನ್ನ ಗೋಳು ಫಾಂಟಿನದು. ಮೇಷ್ಟ್ರು ಮೊಬೈಲಿನಲ್ಲಿ ಯೂನಿಕೋಡ್‌ನಲ್ಲಿ ಬರೆಯುತ್ತಾರೆ. ಪ್ರೆಸ್ಸಿನವರಿಗೆ ಪುಟ ಜೋಡಿಸುವ ಹಳೆ ತಂತ್ರಾಂಶ ಪೇಜ್‌ಮೇಕರ್‌ನ ಕಡತ ಬೇಕು, ಅದಕ್ಕೆ ‘ನುಡಿ’ ತಂತ್ರಾಂಶದ ಹಳೆ ಫಾಂಟೇ ಆಗಬೇಕು. ಯೂನಿಕೋಡ್‌ನಿಂದ ಅದಕ್ಕೆ ಬದಲಾಯಿಸಿದ ಕೂಡಲೇ ಒತ್ತಕ್ಷರ, ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತವೆ. ಕಥೆ ಕಾದಂಬರಿ ಆದರೆ ಹೇಗೋ ಸರಿ ಮಾಡಬಹುದು. ಶಾಸನದಲ್ಲಿ ಹಳಗನ್ನಡದ ಅಕ್ಷರಗಳಾದ ಱ ಇದೆ, ೞ ಇದೆ. ಅವು ಮಾಯವಾದರೆ ಕರಡು ತಿದ್ದುವವರಿಗೂ ಗೊತ್ತಾಗುವುದಿಲ್ಲ. ಪ್ರಸಾರಾಂಗಗಳು ಎಲ್ಲಕ್ಕಿಂತ ಮೊದಲು ಯೂನಿಕೋಡ್‌ಗೆ ಬರಬೇಕು. ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ, ಕಣ್ಣು ನೋಯಿಸಿಕೊಂಡು ಹೇಳುತ್ತಿದ್ದೇನೆ.

ಅಂಗಡಿಗೆ ಬರುವ ಅತಿಥಿ ಉಪನ್ಯಾಸಕರ ಲೆಕ್ಕ ಬೇರೆ. ಅವರಿಗೆ ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್ ಇದ್ದರೆ ಸಾಕು, ಸಂದರ್ಶನದ ಫೈಲಿಗೆ ಆಗುತ್ತದೆ. ತಪ್ಪು ಅಂತ ಹೇಗೆ ಹೇಳುವುದು, ಹೊಟ್ಟೆಪಾಡು.

ನನಗೆ ಸಿಟ್ಟು ಬರುವುದು ಪುಸ್ತಕ ಅಚ್ಚಾದ ಮೇಲೆ. ಹದಿನಾಲ್ಕು ಸಂಪುಟದ ಕನ್ನಡ ವಿಶ್ವಕೋಶವನ್ನು ಮೈಸೂರು ವಿಶ್ವವಿದ್ಯಾಲಯದವರು ತಂದರು. ಹಾಡುವವರ ಬಾಯಲ್ಲಿದ್ದ ಜನಪದ ಮಹಾಕಾವ್ಯಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಚ್ಚು ಮಾಡಿತು. ಲಾಭ ನೋಡುವ ಪ್ರಕಾಶಕರು ಕೈ ಹಾಕುವ ಕೆಲಸವೇ ಅಲ್ಲ ಇವು. ಆದರೆ ಅಂಥ ಪುಸ್ತಕ ಬೇಕೆಂದರೆ ಕ್ಯಾಂಪಸ್ಸಿನ ಮಳಿಗೆಗೇ ಹೋಗಬೇಕು, ಇಲ್ಲವೇ ಅರ್ಧ ಬೆಲೆಯ ಮಾರಾಟಕ್ಕೆ ಕಾಯಬೇಕು. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾಲಯದ ಅಧ್ಯಾಪಕರು ಹಳ್ಳಿಗಳಿಗೇ ಹೋಗಿ ಉಪನ್ಯಾಸ ಕೊಡುತ್ತಿದ್ದರು. ಆ ಉಪನ್ಯಾಸಗಳೇ ಕಡಿಮೆ ಬೆಲೆಯ ಸಣ್ಣ ಪುಸ್ತಕಗಳಾದವು. ಆಗ ಆದದ್ದು ಈಗ ಯಾಕಾಗಬಾರದು? ಬಸ್ಸು, ಕೊರಿಯರ್ ಎಲ್ಲಾ ಇವೆ.

ಮೇಷ್ಟ್ರ ಪುಸ್ತಕ ಬಂದ ಮೇಲೆ ಜೆರಾಕ್ಸ್ ಮಷಿನ್ ಪಕ್ಕ ಒಂದು ರ‍್ಯಾಕ್ ಹಾಕುತ್ತೇನೆ ಎಂದಿದ್ದೇನೆ. ಮುಖಬೆಲೆಗೇ ಮಾರುತ್ತೇನೆ, ಕಮಿಷನ್ ಬೇಡ. ಆದರೆ ರಸೀದಿ ಪ್ರಸಾರಾಂಗದ್ದೇ ಆಗಬೇಕಂತೆ, ಅದಕ್ಕೆ ನಿರ್ದೇಶಕರ ಅನುಮತಿ ಬೇಕಂತೆ. ಮೇಷ್ಟ್ರು ಅರ್ಜಿ ಹೇಳುತ್ತಿದ್ದಾರೆ, ನಾನು ಟೈಪ್ ಮಾಡುತ್ತಿದ್ದೇನೆ. ಯೂನಿಕೋಡ್‌ನಲ್ಲಿ.