ಚಾರ್ಮಾಡಿ ಘಾಟಿ ಇಳಿಯೋ ಮುಂಚೆ ಹೊಟ್ಟೆಗೆ ಏನು ಹಾಕಬೇಕು

ಬೆಂಗಳೂರಿಂದ ಧರ್ಮಸ್ಥಳಕ್ಕೆ ಚಾರ್ಮಾಡಿ ಮೇಲೆ ಹೋಗುವ ರಾತ್ರಿ ಬಸ್ಸಿನವರಿಗೆ ಟೋಪಿ ಬೀಳೋದು ಊಟಕ್ಕೆ ನಿಲ್ಲಿಸುವ ಡಾಬಾದಲ್ಲಿ. ರಾತ್ರಿ 11ಕ್ಕೆ ಪರೋಟ, ಗೋಬಿ ಮಂಚೂರಿ, ಮೇಲೊಂದು ಫ್ರೈಡ್ ರೈಸ್. ದರ ದುಬಾರಿ, ಎಣ್ಣೆ ಮಾತ್ರ ಧಾರಾಳ. ಬೆಳಗಿನ ಜಾವ ಘಾಟಿಯಲ್ಲಿ ಪ್ಲಾಸ್ಟಿಕ್ ಕವರ್ ಹುಡುಕುವವರಲ್ಲಿ ಹೆಚ್ಚಿನವರು ಈ ಊಟದವರೇ.

ಲೆಕ್ಕ ಹೀಗಿದೆ. ಜಠರ ತನ್ನಲ್ಲಿರುವುದನ್ನು ಸಣ್ಣ ಕರುಳಿಗೆ ನಿಮಿಷಕ್ಕೆ ಸುಮಾರು 2ರಿಂದ 3 ಕ್ಯಾಲೊರಿಯಂತೆ ಬಿಡುತ್ತದೆ. ಆ ಡಾಬಾ ಊಟ 1,000 ಕ್ಯಾಲೊರಿ ಆದರೆ ಖಾಲಿಯಾಗಲು ಆರೇಳು ಗಂಟೆ ಬೇಕು. ಅದರಲ್ಲೂ ಕೊಬ್ಬು ಕರುಳು ಮುಟ್ಟಿದ ಕೂಡಲೇ ಅಲ್ಲಿಂದ ಹಾರ್ಮೋನು ಹೊರಟು, ಜಠರದಿಂದ ಕರುಳಿಗೆ ತೆರೆಯುವ ಬಾಗಿಲನ್ನು ಬಿಗಿ ಮಾಡಿಸುತ್ತದೆ. ಘನ ಆಹಾರ 1–2 ಮಿಲಿಮೀಟರ್ ಚೂರಾಗುವವರೆಗೂ ಬಾಗಿಲು ದಾಟುವುದಿಲ್ಲ. ಹಾಗಾಗಿ ಗಬಗಬ ನುಂಗಿದ ಪರೋಟ ಇನ್ನೂ ನಿಧಾನ.

ಹಗಲು ಬಸ್ಸು ಹಿಡಿದು ಕೊಟ್ಟಿಗೆಹಾರದಲ್ಲಿ ಇಳಿದು ನೀರುದೋಸೆ ತಿನ್ನಿ. ಘಾಟಿಯ ನೆತ್ತಿಯಲ್ಲಿರುವ ಈ ಪುಟ್ಟ ಊರು ಹೆಸರುವಾಸಿಯಾದದ್ದೇ ಅದರಿಂದ. ರುಬ್ಬಿದ ಅಕ್ಕಿ, ನೀರು, ಉಪ್ಪು, ಕಾವಲಿಗೆ ಸವರಿದಷ್ಟೇ ಎಣ್ಣೆ. ಅಕ್ಕಿ ಮೊದಲೇ ನುಣ್ಣಗಾಗಿರುವುದರಿಂದ ಜಠರಕ್ಕೆ ಅರೆಯುವ ಕೆಲಸ ಕಡಿಮೆ. ಹಬೆಯಾಡುವ ದೋಸೆ ಮಡಚಿ ಮಡಚಿ ತಟ್ಟೆಗೆ ಬರುತ್ತಲೇ ಇರುತ್ತದೆ, ಜೇಬಿಗೂ ಭಾರವಲ್ಲ. ಜನ ಕಿಕ್ಕಿರಿದಿದ್ದರೆ ನಿಂತೇ ತಿನ್ನಿ, ತಪ್ಪೇನಿಲ್ಲ. ಇಳಿಯುವ ದಾರಿಯವರು ಎರಡಕ್ಕೆ ನಿಲ್ಲಿಸಬೇಕು. ಕಾಯಿಚಟ್ನಿ ನಂಜಿಕೊಳ್ಳುವಷ್ಟು ಸಾಕು, ತೆಂಗಿನಕಾಯಿಯೂ ಕೊಬ್ಬೇ. ಕೋಳಿಸಾರಿನ ಆಸೆಯನ್ನು ವಾಪಸ್ ಬರುವಾಗ ತೀರಿಸಿಕೊಳ್ಳಿ. ತಿಂದ ತಕ್ಷಣ ಬಸ್ಸು ಹತ್ತದೆ ಮುಕ್ಕಾಲು ಗಂಟೆ ಅಡ್ಡಾಡಿದರೆ ಒಳ್ಳೆಯದು.

ಪೂರ್ತಿ ಉಪವಾಸವೂ ಬೇಡ. ಖಾಲಿ ಹೊಟ್ಟೆಗೂ ಓಕರಿಕೆ ಬರುತ್ತದೆ, ಬರೀ ಪಿತ್ತ ಕಕ್ಕುವುದು ಇನ್ನೂ ಹಿಂಸೆ.

ನೀರು ಬೇಗ ಇಳಿಯುತ್ತದೆ: ಒಂದು ಲೋಟದಲ್ಲಿ ಅರ್ಧ, 15–20 ನಿಮಿಷದಲ್ಲಿ. ಸಕ್ಕರೆ ಗಟ್ಟಿಯಾದಷ್ಟೂ ಅದೂ ತಡ. ಜೀರ್ಣಕ್ಕೆಂದು ಕುಡಿಯುವ ಬಣ್ಣದ ಸೋಡಾದಲ್ಲಿ 100 ಮಿಲಿಲೀಟರಿಗೆ ಸುಮಾರು 10 ಗ್ರಾಂ ಸಕ್ಕರೆ, ಜೊತೆಗೆ ಹೊಟ್ಟೆ ಉಬ್ಬಿಸುವ ಗಾಳಿ. ಕಬ್ಬಿನ ಹಾಲೂ ಅದೇ ಜಾತಿ. ಬರೀ ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ.

ಹೆಚ್ಚಿನವರು ಎಡವುವುದು ಅವೊಮಿನ್‌ನಂಥ ವಾಂತಿ ತಡೆಯುವ ಮಾತ್ರೆಯಲ್ಲಿ. ತಲೆ ಸುತ್ತಿ ಬಾಯಲ್ಲಿ ನೀರೂರುವ ಹೊತ್ತಿಗೆ ಜಠರದ ಲಯ ತಪ್ಪಿರುತ್ತದೆ, ಕೆಳಗೆ ತಳ್ಳುವುದು ನಿಂತಿರುತ್ತದೆ. ಆಗ ನುಂಗಿದ ಅವೊಮಿನ್ ಅಲ್ಲೇ ಕೂತು ಊಟದೊಂದಿಗೆ ಹೊರಬೀಳುತ್ತದೆ. ತಿರುವುಗಳು ಶುರುವಾಗುವ ಒಂದೆರಡು ಗಂಟೆ ಮೊದಲೇ, ಅಂದರೆ ಬೇಲೂರು ಬಿಡುವ ಹೊತ್ತಿಗೆ ತಗೊಳ್ಳಿ. ನಿದ್ದೆ ಬರಿಸುತ್ತದೆ, ಕಾರು ಓಡಿಸುವವರಿಗಲ್ಲ. ಮಕ್ಕಳಿಗೆ ಡೋಸು ವೈದ್ಯರನ್ನೇ ಕೇಳಿ.

ಇನ್ಸುಲಿನ್ ಚುಚ್ಚಿಕೊಂಡು ಎಣ್ಣೆಯೂಟ ಮಾಡುವವರು ಜಾಗ್ರತೆ: ಮದ್ದು ಮೊದಲು ಕೆಲಸ ಮಾಡಿ ಸಕ್ಕರೆ ಕುಸಿಯಬಹುದು, ಊಟದ ಸಕ್ಕರೆ ಎಷ್ಟೋ ಹೊತ್ತಿನ ಮೇಲೆ ಏರುತ್ತದೆ. ಸಕ್ಕರೆ ಕಾಯಿಲೆಗೋ ತೂಕ ಇಳಿಸಲೋ ಸೆಮಾಗ್ಲುಟೈಡ್ ಎಂಬ ಔಷಧಿ ತೆಗೆದುಕೊಳ್ಳುವವರ ಜಠರ ಮೊದಲೇ ನಿಧಾನ, ಅವರಿಗೆ ಒಂದು ದೋಸೆಯೂ ಸಾಕಾಗಬಹುದು.

ಹಿಂದಿರುಗುವಾಗ ಧರ್ಮಸ್ಥಳದ ಅನ್ನಛತ್ರದ ಅನ್ನ, ಸಾರು ಹಗುರವೇ. ಆದರೆ ಎರಡನೇ ಸಲ ಬಡಿಸಿಕೊಳ್ಳದೆ ಎದ್ದು, ಎರಡು ಗಂಟೆ ಬಿಟ್ಟು ಉಜಿರೆಯಿಂದ ಹತ್ತುವ ಬಸ್ಸು ಹಿಡಿಯಿರಿ. ಎಸಿ ಬಸ್ಸಿಗಿಂತ ಕಿಟಕಿ ತೆರೆಯುವ ಕೆಂಪು ಬಸ್ಸು, ಅದರಲ್ಲೂ ಮುಂದಿನ ಸೀಟು ವಾಸಿ. ಮಳೆಗಾಲವಾದರೆ ಘಾಟಿ ತೆರೆದಿದೆಯೇ ಎಂದು ಹೊರಡುವ ಮೊದಲೇ ವಿಚಾರಿಸಿ. ಮಣ್ಣು ಕುಸಿದರೆ ಶಿರಾಡಿ ಸುತ್ತಬೇಕು, ಆಗ ಮಾತ್ರೆಯ ಹೊತ್ತೂ ಬದಲಾಗುತ್ತದೆ.